ಶ್ರಾಪ್‌ಷೈರಿನ ಬೇಲಿಗೂಟದ ಮೇಲೊಂದು ನೊಣಹಿಡುಕ

ತೆರೆಯ ಮೇಲೆ ನೀವು ನೋಡುತ್ತಿರುವ ಈ ಬೂದುಗಂದು ಹಕ್ಕಿಯಲ್ಲಿ ಮೊದಲ ನೋಟಕ್ಕೆ ವಿಶೇಷವೇನೂ ಕಾಣಿಸುವುದಿಲ್ಲ. ಕೊಂಚ ತಾಳಿ. ಅದು ಗೂಟದಿಂದ ಚಿಮ್ಮಿ, ಗಾಳಿಯಲ್ಲೇ ಒಂದು ಪಲ್ಟಿ ಹೊಡೆದು, ಟಪ್ಪೆಂದು ಕೀಟವೊಂದನ್ನು ಕಚ್ಚಿಕೊಂಡು, ಹೊರಟ ಗೂಟಕ್ಕೇ ಮರಳಿ ನೆಟ್ಟಗೆ ಕುಳಿತಿತು. ಇದು ಸ್ಪಾಟೆಡ್ ಫ್ಲೈಕ್ಯಾಚರ್, ಅಂದರೆ ಚುಕ್ಕೆಯ ನೊಣಹಿಡುಕ. ಹೆಸರಿನಲ್ಲಿ ಚುಕ್ಕೆಯಿದ್ದರೂ ಬೆಳೆದ ಹಕ್ಕಿಯ ಎದೆಯ ಮೇಲಿರುವುದು ಗೀರುಗಳು, ಚುಕ್ಕೆಗಳೇನಿದ್ದರೂ ಮರಿಗಳಿಗೆ. 1960ರ ದಶಕದ ನಂತರ ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ ತೀರಾ ಕುಸಿದಿರುವುದರಿಂದ, ವೇಲ್ಸಿಗೆ ಅಂಟಿಕೊಂಡ ಈ ಹಳ್ಳಿಗಾಡಿನ ಕೌಂಟಿಯಲ್ಲಿಯೂ ಇದು ಕಣ್ಣಿಗೆ ಬಿದ್ದರೆ ನಾನು ಕದಲದೆ ನಿಂತುಬಿಡುತ್ತೇನೆ.

ಈ ಬಳಗದ ಹಕ್ಕಿಗಳನ್ನು ಬಣ್ಣಕ್ಕಿಂತ ಮೊದಲು ಅವು ಕೂರುವ ಠೀವಿಯಿಂದ ಗುರುತಿಸುವುದೇ ಸುಲಭವೆಂದು ನನಗನ್ನಿಸುತ್ತದೆ. ಓಕ್ ಕಾಡಿನೊಳಗಿನ ಈ ಪೈಡ್ ಫ್ಲೈಕ್ಯಾಚರನ್ನೇ ನೋಡಿ. ಗಂಡು ಅಚ್ಚ ಕಪ್ಪು ಬಿಳುಪು, ಹಣೆಯ ಮೇಲೆ ವಿಭೂತಿ ಇಟ್ಟಂತೆ ಒಂದು ಬಿಳಿ ಮಚ್ಚೆ. ಆದರೆ ಇದು ಹೊರಟ ಕೊಂಬೆಗೆ ಮರಳುವುದು ಅಪರೂಪ. ಕೇವಲ ಹನ್ನೆರಡು ಗ್ರಾಂ ತೂಗುವ ಈ ಜೀವ ಪಶ್ಚಿಮ ಆಫ್ರಿಕಾದಿಂದ ಏಪ್ರಿಲಿನಲ್ಲಿ ಬಂದು, ಮರದ ಪೊಟರೆಯಲ್ಲೋ ಜನ ಕಟ್ಟಿದ ಗೂಡುಪೆಟ್ಟಿಗೆಯಲ್ಲೋ ತಿಳಿನೀಲಿ ಮೊಟ್ಟೆಗಳನ್ನಿಡುತ್ತದೆ. ಇಲ್ಲಿಂದ ದಕ್ಷಿಣಕ್ಕಿರುವ ಡೀನ್ ಅರಣ್ಯದ ನ್ಯಾಗ್ಸ್‌ಹೆಡ್‌ನಲ್ಲಿ 1942ರಲ್ಲಿ ಓಕ್ ಎಲೆ ತಿನ್ನುವ ಕಂಬಳಿಹುಳುಗಳ ಹತೋಟಿಗೆಂದು ಪೆಟ್ಟಿಗೆಗಳನ್ನು ಕಟ್ಟಿದಾಗ, ಈ ಹಕ್ಕಿಗಳೂ ಬಂದು ಬಿಡಾರ ಹೂಡಿದವು. ಈಗ ವಸಂತ ಬೇಗ ಬೆಚ್ಚಗಾಗಿ ಮರಿಗಳಿಗೆ ಉಣಿಸಬೇಕಾದ ಹುಳುಗಳ ಸುಗ್ಗಿ ಮುಂಚೆಯೇ ಮುಗಿಯುತ್ತಿದೆ. ಆಫ್ರಿಕಾದಲ್ಲಿರುವ ಹಕ್ಕಿಗೆ ಆ ಸುದ್ದಿ ತಲುಪುವ ದಾರಿಯಿಲ್ಲ. ಅದೇ ಮರದಲ್ಲಿ ಕೆಂಪು ಬಾಲವನ್ನು ಎಡೆಬಿಡದೆ ನಡುಗಿಸುತ್ತಿರುವುದು ರೆಡ್‌ಸ್ಟಾರ್ಟ್.

ಹಳೆಯ ಪುಸ್ತಕಗಳು ರೆಡ್‌ಸ್ಟಾರ್ಟ್ ಮತ್ತು ಮುಂದೆ ಬರುವ ಚಾಟ್‌ಗಳನ್ನು ಥ್ರಶ್ ಎಂಬ ಹಾಡುಹಕ್ಕಿಗಳ ಕುಟುಂಬಕ್ಕೆ ಸೇರಿಸಿದ್ದವು. ಈಗ ಅವು ನೊಣಹಿಡುಕಗಳ ಮನೆಯವು. ನಮ್ಮ ಹಿತ್ತಲಿನ ಮಡಿವಾಳ ಹಕ್ಕಿಯೂ ಇದೇ ಮನೆಯದು. ಇಂಗ್ಲಿಷ್ ಹೆಸರಿನಲ್ಲೇ ಫ್ಲೈಕ್ಯಾಚರ್ ಎಂದಿರುವ ನಮ್ಮ ಉದ್ದಬಾಲದ ರಾಜಹಕ್ಕಿ ಮಾತ್ರ ಬೇರೆಯದೇ ಕುಟುಂಬಕ್ಕೆ ಸೇರಿದ್ದೆಂಬುದು ತಮಾಷೆಯಾಗಿದೆ.

ಇದು ಶ್ರಾಪ್‌ಷೈರಿನದೇ ಲಾಂಗ್ ಮಿಂಡ್ ಬೆಟ್ಟ. ನೆತ್ತಿಯ ಎತ್ತರ 516 ಮೀಟರ್. ಜರೀಗಿಡದ ತುದಿಯಲ್ಲಿ ಬಿಳಿ ಹುಬ್ಬು ತೀಡಿಕೊಂಡು ಕುಳಿತಿರುವ ವಿನ್‌ಚಾಟ್ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೊರಟುಹೋಗುತ್ತದೆ. ಕುಳ್ಳ ಹುಲ್ಲಿನ ಮೇಲೆ ಓಡಿ, ನಿಂತು, ಬಾಗುವ ವೀಟಿಯರ್‌ನ ಹೆಸರಿಗೆ ಗೋಧಿಯ ನಂಟಿಲ್ಲ; ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ಬಿಳಿ ಅಂಡು' ಎಂದು ಅರ್ಥ, ಹಾರುವಾಗ ನೋಡಿದವರಿಗೆ ವಿವರಣೆ ಬೇಕಾಗದು. ಮುಳ್ಳಿನ ಗಾರ್ಸ್ ಪೊದೆಯ ಹಳದಿ ಹೂಗಳ ತುತ್ತತುದಿಯಲ್ಲಿ, ನಮ್ಮ ಕಡೆಗೇ ಮುಖ ಮಾಡಿ ಗದರುತ್ತಿರುವುದು ಸ್ಟೋನ್‌ಚಾಟ್. ಅದರ ಜಾತಿಯ ಬಹುಪಾಲು ಹಕ್ಕಿಗಳು ಇಲ್ಲಿಯೇ ಹಿಮವನ್ನು ಎದುರಿಸುತ್ತವೆ, ಕಡುಚಳಿಯ ವರ್ಷಗಳಲ್ಲಿ ಅನೇಕವು ಸಾಯುತ್ತವೆ. ಗಾಳಿಯ ಹೊಡೆತಕ್ಕೆ ನನ್ನ ಮೈಕಿನ ಧ್ವನಿ ಅರ್ಧ ಕೆಟ್ಟಿದೆ. ಆದರೂ ಕಿವಿಗೊಟ್ಟು ಕೇಳಿ: ಒಂದು ಸಣ್ಣ ಸಿಳ್ಳೆ, ಅದರ ಬೆನ್ನಿಗೇ ಎರಡು ಬೆಣಚುಕಲ್ಲುಗಳನ್ನು ಕುಟ್ಟಿದ ಸದ್ದು.