ಕ್ಯಾಮೆರಾ ಯಾರ ಕೈಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಸಿನಿಮಾ ಈಗಷ್ಟೇ ನೋಡಿದ್ದೀರಿ, ಹಾಗಾಗಿ ಕಥೆ ಹೇಳುವ ಕೆಲಸ ನನಗಿಲ್ಲ. ‘ಕ್ರಾನಿಕಲ್’ ಬಗ್ಗೆ ಮಾತಾಡಲೇಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. 2012ರಲ್ಲಿ ಬಂದ ಈ ಚಿತ್ರವನ್ನು ‘ಸೂಪರ್‌ಹೀರೋ ಕಥೆ, ಆದರೆ ಕ್ಯಾಮೆರಾ ಅಲುಗಾಡುತ್ತೆ’ ಎಂದು ಪಕ್ಕಕ್ಕಿಡುವವರು ಜಾಸ್ತಿ. ಅದು ಅನ್ಯಾಯ. ಇಲ್ಲಿ ಕಥೆ ಇರುವುದೇ ಕ್ಯಾಮೆರಾದಲ್ಲಿ.

ಫೌಂಡ್ ಫೂಟೇಜ್ ಚಿತ್ರಗಳಿಗೆ, ಅಂದರೆ ಪಾತ್ರಗಳೇ ಕ್ಯಾಮೆರಾ ಹಿಡಿದು ತೆಗೆದಂತೆ ಕಾಣುವ ಚಿತ್ರಗಳಿಗೆ, ಒಂದು ಹಳೇ ತೊಂದರೆ ಇದೆ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಇರಲಿ, 2013ರಲ್ಲಿ ನಮ್ಮಲ್ಲೇ ಬಂದ ‘6-5=2’ ಇರಲಿ, ನೋಡ್ತಾ ನೋಡ್ತಾ ಅನ್ನಿಸುತ್ತದೆ: ಅಯ್ಯೋ, ಜೀವ ಹೋಗ್ತಿದೆ, ಆ ಕ್ಯಾಮೆರಾ ಬಿಸಾಕಿ ಓಡಬಾರದಾ? ಇಲ್ಲಿ ಮೊದಲ ದೃಶ್ಯದಲ್ಲೇ ಅದಕ್ಕೆ ಉತ್ತರ ಇದೆ. ಹೊರಗೆ ಕುಡುಕ ಅಪ್ಪ ಬಾಗಿಲು ಬಡಿಯುತ್ತಿದ್ದಾನೆ. ಒಳಗೆ ಕಥೆಯ ಮುಖ್ಯ ಹುಡುಗ ಆಂಡ್ರೂ, ಇನ್ಮೇಲೆ ಎಲ್ಲವನ್ನೂ ಶೂಟ್ ಮಾಡುತ್ತೇನೆ ಎನ್ನುತ್ತಾನೆ. ಮನೆಯಲ್ಲಿ ಆ ಕ್ಯಾಮೆರಾ ಅವನಿಗೆ ಸಾಕ್ಷಿ. ಶಾಲೆಯಲ್ಲಿ ಅದೇ ಅಡ್ಡಗೋಡೆ. ಅವನು ಅದನ್ನು ಕೆಳಗಿಡುವುದಾದರೂ ಹೇಗೆ?

ಪಾರ್ಕಿಂಗ್‌ನಲ್ಲಿ ಕಾರು ಜರುಗಿಸುವ ದೃಶ್ಯಕ್ಕೆ ಇಡೀ ಸಭಾಂಗಣ ನಕ್ಕಿತು, ಅಲ್ವಾ? ನಾನೂ ಪ್ರತಿ ಸಲ ನಗುತ್ತೇನೆ. ಕೈ ಮುಟ್ಟದೆ ವಸ್ತು ಎತ್ತುವ ಶಕ್ತಿ ಸಿಕ್ಕಿದೆ. ಆಂಡ್ರೂ, ಅವನ ಸೋದರಸಂಬಂಧಿ ಮ್ಯಾಟ್, ಗೆಳೆಯ ಸ್ಟೀವ್, ಈ ಮೂವರು ಹುಡುಗರು ಏನು ಮಾಡುತ್ತಾರೆ? ಲೋಕ ಉಳಿಸಲು ಹೋಗುತ್ತಾರಾ? ಇಲ್ಲ. ಯಾರದೋ ಕಾರನ್ನು ಬೇರೆ ಕಡೆ ಸರಿಸಿ, ಆ ಹೆಂಗಸು ಹುಡುಕಾಡುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ. ಅಂಗಡಿಯಲ್ಲಿ ಆಟದ ಕರಡಿಯನ್ನು ತೇಲಿಸಿ ಪುಟ್ಟ ಮಗುವನ್ನು ಹೆದರಿಸುತ್ತಾರೆ. ಹೈಸ್ಕೂಲು ಹುಡುಗರು ಮಾಡುವುದು ಇದನ್ನೇ. ಎಷ್ಟು ನಿಜ! ಆಂಡ್ರೂ ಬಾಯಿ ತುಂಬಾ ನಗುವುದನ್ನು ನಾವು ಕಾಣುವುದೂ ಇಲ್ಲೇ. ಗೆಳೆತನ ಸಿಕ್ಕ ಹುಡುಗನ ಮುಖ ಅದು. ಆಂಡ್ರೂ ಪಾತ್ರದ ಡೇನ್ ಡಿಹಾನ್ ಆ ನಗುವಿನಲ್ಲೂ ಒಂದು ಅಳುಕು ಉಳಿಸಿಕೊಂಡಿದ್ದಾರೆ.

ಆಮೇಲೆ ಹಿಂದಿನಿಂದ ಹಾರ್ನ್ ಹೊಡೆಯುವ ಟ್ರಕ್ ಬರುತ್ತದೆ. ಆಂಡ್ರೂ ಸುಮ್ನೆ ಕೈ ಬೀಸುತ್ತಾನೆ, ಗಾಡಿ ರಸ್ತೆ ಬಿಟ್ಟು ನೀರಿಗೆ ಬೀಳುತ್ತದೆ. ಆಗ ಮ್ಯಾಟ್ ನಿಯಮ ಮಾಡುತ್ತಾನೆ. ಜೀವ ಇರುವುದರ ಮೇಲೆ ಬಳಸಬಾರದು, ಕೋಪದಲ್ಲಿ ಬಳಸಬಾರದು, ಜನರೆದುರು ಬಳಸಬಾರದು. ಒಳ್ಳೆಯ ನಿಯಮಗಳೇ. ಆದರೆ ಆ ಕೋಪ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರಾ? ಮನೆಯಲ್ಲಿ ತಾಯಿ ಸಾಯುತ್ತಿದ್ದಾಳೆ, ಔಷಧಿಗೆ ದುಡ್ಡಿಲ್ಲ, ಅಪ್ಪ ಹೊಡೆಯುತ್ತಾನೆ. ಅದಕ್ಕೆ ಯಾವ ನಿಯಮ ಇತ್ತು?

ಮತ್ತೆ ನನ್ನ ಪ್ರಶ್ನೆಗೆ ಬರುತ್ತೇನೆ. ಕ್ಯಾಮೆರಾ ಯಾರ ಕೈಯಲ್ಲಿದೆ? ಚಿತ್ರ ಮುಂದುವರಿದಂತೆ ಯಾರ ಕೈಯಲ್ಲೂ ಇಲ್ಲ. ಆಂಡ್ರೂ ಅದನ್ನು ಗಾಳಿಯಲ್ಲಿ ತೇಲಿಸುತ್ತಾನೆ. ಚಿತ್ರದ ನೋಟ ನಯವಾಗುತ್ತದೆ, ಅಲುಗಾಟ ನಿಲ್ಲುತ್ತದೆ. ಅಷ್ಟು ಹೊತ್ತು ಕ್ಯಾಮೆರಾದ ಹಿಂದೆ ಅಡಗಿದ್ದವನು ಪೂರ್ತಿಯಾಗಿ ನಮ್ಮ ಕಣ್ಣಿಗೆ ಬೀಳುತ್ತಾನೆ. ಆದರೆ ಅವನನ್ನು ನೋಡುವವರು ಪಕ್ಕದಲ್ಲಿ ಯಾರೂ ಇಲ್ಲ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿದ್ದಾನೆ. ಕೊನೆಗೆ ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರದ ಬಳಿ ಜನರ ಫೋನು, ಕ್ಯಾಮೆರಾಗಳನ್ನೆಲ್ಲ ಕಿತ್ತು ತನ್ನ ಸುತ್ತ ತಿರುಗಿಸುತ್ತಾನೆ. ‘ನನ್ನನ್ನು ನೋಡಿ’ ಎಂದು ಬೇಡುವುದಕ್ಕೆ ಇದಕ್ಕಿಂತ ದೊಡ್ಡ ದನಿ ಬೇಕಾ?

ಸಮಯ ಆಯಿತು ಎಂದು ಚೀಟಿ ಬಂದಿದೆ. ಹಣಕಾಸಿನ ವಿಷಯ ಒಂದೇ ಮಾತಿನಲ್ಲಿ: ಸುಮಾರು 1.2 ಕೋಟಿ ಡಾಲರ್ ಖರ್ಚಿನ ಚಿತ್ರ, 12 ಕೋಟಿಗೂ ಮೇಲೆ ಗಳಿಸಿತು. ಸಿಯಾಟಲ್ ಕಥೆಯ ಬಹುಭಾಗವನ್ನು ತೆಗೆದದ್ದು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ. ನಿರ್ದೇಶಕ ಜಾಶ್ ಟ್ರ್ಯಾಂಕ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ, ಇದು ಅವರ ಮೊದಲ ಚಿತ್ರ. ಸ್ಟೀವ್ ಪಾತ್ರದ ಮೈಕೆಲ್ ಬಿ. ಜೋರ್ಡನ್ ಬಗ್ಗೆ ಹೇಳುವುದಿತ್ತು, ಬಿಡುತ್ತೇನೆ.

ಮ್ಯಾಟ್ ಕೊನೆಯಲ್ಲಿ ಆಂಡ್ರೂವನ್ನು ಕೊಂದದ್ದು ಸರಿ, ಬೇರೆ ದಾರಿ ಇರಲಿಲ್ಲ ಎನ್ನುವವರು ಇಲ್ಲಿ ಇದ್ದೀರಿ ಎಂದು ಗೊತ್ತು. ನಾನು ಒಪ್ಪುವುದಿಲ್ಲ. ಬನ್ನಿ, ಮೈಕ್ ತೆಗೆದುಕೊಳ್ಳಿ, ಮೊದಲು ನೀವು ಮಾತಾಡಿ.