ಢೋಲಿನ ಅಬ್ಬರದಲ್ಲಿ ಒಂದು ತಾಳ

ನಮಸ್ಕಾರ. ಪುಣೆ ಸುತ್ತಲಿನ ಭೋಸರಿ, ಪಿಂಪ್ರಿ, ಚಾಕಣದಲ್ಲಿ ಸರ್ಕ್ಯೂಟ್ ಬೋರ್ಡ್ ಮುಂದೆ ಕೂತಿರುವ ನಮ್ಮ ಹುಡುಗ ಹುಡುಗಿಯರಿಗೆ ಇವತ್ತು ಒಂದೇ ಮಾತು ಹೇಳಬೇಕು. ದುರ್ಬಲ ಸಿಗ್ನಲ್‌ನ ಫೇಸ್, ಅಂದರೆ ಅದರ ಅಲೆ ಮೂಲ ಅಲೆಗಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದನ್ನು, ಅಳೆಯಲು ಅದು ಸೊನ್ನೆ ದಾಟುವ ಕ್ಷಣವನ್ನು ಕಾಯಬೇಡಿ. ಗುಣಿಸಿ, ಸರಾಸರಿ ತೆಗೆಯಿರಿ.

ಭೋಸರಿಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಲೋಹ ಪತ್ತೆ ಹಚ್ಚುವ ಯಂತ್ರ ಕಟ್ಟುತ್ತಿದ್ದ. ಒಂದು ಕಾಯಿಲ್‌ಗೆ 10 ಕಿಲೋಹರ್ಟ್ಸ್ ಕೊಟ್ಟು, ಇನ್ನೊಂದರಲ್ಲಿ ಹುಟ್ಟುವ ಮೈಕ್ರೋವೋಲ್ಟ್‌ಗಳ ಫೇಸ್ ನೋಡಬೇಕು. ಕಬ್ಬಿಣಕ್ಕೊಂದು ಫೇಸ್, ಅಲ್ಯೂಮಿನಿಯಮ್‌ಗೆ ಇನ್ನೊಂದು. "ಸಾವಿರ ಪಟ್ಟು ಆಂಪ್ಲಿಫೈ ಮಾಡೇನ್ರಿ ಸರ, ಕಂಪ್ಯಾರೇಟರ್ ಹಾಕೇನ್ರಿ, ಆದ್ರೂ ರೀಡಿಂಗ್ ಕುಣಿತೈತ್ರಿ" ಅಂದ. ಕುಣಿಯದೆ ಇನ್ನೇನು ಮಾಡೀತು? ಗದ್ದಲವೂ ಸಾವಿರ ಪಟ್ಟಾಗಿತ್ತಲ್ಲ! ಕಂಪ್ಯಾರೇಟರ್ ಅಂದರೆ ಅಲೆ ಸೊನ್ನೆ ದಾಟಿದಾಗ ಮಗುಚುವ ಸರ್ಕ್ಯೂಟ್; ಅಲೆ ಒಮ್ಮೆ ದಾಟಿದರೆ ಅದು ಏಳೆಂಟು ಸಲ ಮಗುಚುತ್ತಿತ್ತು. ಸಣ್ಣಪುಟ್ಟ ಏರಿಳಿತಕ್ಕೆ ಮಗುಚದಂತೆ ತಡೆಯುವ ಹಿಸ್ಟೆರಿಸಿಸ್ ಹಾಕಿದ, ಮಗುಚುವುದು ನಿಂತಿತು, ದಾಟುವ ಕ್ಷಣವೇ ಆಚೀಚೆ ಜರುಗಿತು.

ಗಣಪತಿ ವಿಸರ್ಜನೆಯ ದಿನ ಅವನನ್ನು ಲಕ್ಷ್ಮೀ ರಸ್ತೆಗೆ ಕರೆದೊಯ್ದೆ. ಢೋಲ್-ತಾಶಾ ಎದೆಗೇ ಬಡಿಯುತ್ತಿತ್ತು. ಪಕ್ಕದ ಭಜನಾ ಮಂಡಳಿಯ ಅಜ್ಜರೊಬ್ಬರ ತಾಳ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. "ಅವರ ಕೈ ನೋಡ್ತಾ ನಿನ್ನ ತೊಡೆ ತಟ್ಟು" ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮುಖ ಅರಳಿಸಿ, "ಈಗ ಕೇಳಾಕ್ಹತ್ತೈತ್ರಿ!" ಅಂದ.

ಮರುದಿನ ಕಾಯಿಲ್‌ಗೆ ಹೋಗುವ ಅದೇ ಆಸಿಲೇಟರ್‌ನಿಂದ ಒಂದು ತಂತಿ ಎಳೆದು, ಇನ್ನೊಂದು ಕಾಯಿಲ್‌ನ ಸಿಗ್ನಲ್ ಜೊತೆ ಗುಣಿಸುವ ಮಲ್ಟಿಪ್ಲೈಯರ್‌ಗೆ ಕೊಟ್ಟೆವು. ಅದೇ ತೊಡೆ ತಟ್ಟುವ ಕೈ. ಅದರ ಜೊತೆ ಹೆಜ್ಜೆ ಹಾಕುವ ಸಿಗ್ನಲ್ ಗುಣಿಸಿದಾಗಲೆಲ್ಲ ಪ್ಲಸ್ಸೇ ಬರುತ್ತದೆ. ಗದ್ದಲ ಒಮ್ಮೆ ಪ್ಲಸ್, ಒಮ್ಮೆ ಮೈನಸ್, ಸರಾಸರಿಯಲ್ಲಿ ತನ್ನಷ್ಟಕ್ಕೆ ಅಳಿಸಿಹೋಗುತ್ತದೆ. 90 ಡಿಗ್ರಿ, ಅಂದರೆ ಕಾಲು ಆವರ್ತ, ಹಿಂದಿಟ್ಟ ಅದೇ ತಾಳಕ್ಕೆ ಎರಡನೆಯ ಮಲ್ಟಿಪ್ಲೈಯರ್. ಎರಡೂ ಉತ್ತರಗಳ ಅನುಪಾತವೇ ಫೇಸ್‌ನ ಟ್ಯಾಂಜೆಂಟ್. ಸರಾಸರಿ ತೆಗೆಯುವ, ಒಂದು ಸೆಕೆಂಡಿನ ಆರ್‌ಸಿ ಫಿಲ್ಟರ್ ಹಾಕಿದ್ದೇ ತಡ, ಮೀಟರಿನ ಮುಳ್ಳು ನಿಂತಿತು. ಗುಣಿಸಿ, ಸರಾಸರಿ ತೆಗೆಯಿರಿ!

ಆಗಲೇ ಸ್ಟುಡಿಯೋ ಗಾಜಿನಾಚೆಯಿಂದ ಕೈಸನ್ನೆ ಶುರುವಾಗಿದೆ, ಉಳಿದದ್ದು ಬೇಗ ಹೇಳುತ್ತೇನೆ. ಗದ್ದಲ ಹತ್ತರಲ್ಲೊಂದು ಪಾಲಾಗಬೇಕಾದರೆ 100 ಪಟ್ಟು ಹೊತ್ತು ಕಾಯಬೇಕು. 10 ಕಿಲೋಹರ್ಟ್ಸ್ ಅಂದರೆ ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಸರಿಯಾಗಿ 200 ಪಟ್ಟು, ಅದರ ಗುಂಯ್ ಅಲ್ಲೂ ಬಂದು ಕೂರಬಹುದು, 10,020 ಹರ್ಟ್ಸ್‌ಗೆ ಜರುಗಿಸಿ. ನಾರಾಯಣಗಾಂವ ಹತ್ತಿರದ ಖೋಡದ್‌ನಲ್ಲಿ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ 30 ಡಿಶ್‌ಗಳು ಆಕಾಶದ ಸಿಗ್ನಲ್ ಹಿಡಿಯುವುದೂ ಹೀಗೇ, ಜೋಡಿ ಜೋಡಿಯಾಗಿ ಗುಣಿಸಿ.

ಹಾಂ, ಮೊದಲು ಲೋಹ ಇಡದೆ ಬರುವ ರೀಡಿಂಗ್ ಬರೆದಿಟ್ಟುಕೊಳ್ಳಿ. ಎರಡೂ ಮಲ್ಟಿಪ್ಲೈಯರ್‌ಗಳದ್ದು. ಲೋಹ ಇಟ್ಟಾಗ ಬಂದದ್ದರಲ್ಲಿ ಅದನ್ನು ಕಳೆದು, ಆಮೇಲೆ ಫೇಸ್ ಲೆಕ್ಕ ಹಾಕಿ. ನಮಸ್ಕಾರ.