ಉರಿಯುವ ಹೀಟರಿಗೂ ಉಸಿರು ಬೇಕು

ಕೇಳುಗರಿಗೆ ನಮಸ್ಕಾರ.

ಚಳಿಯ ರಾತ್ರಿ ಗ್ಯಾಸ್ ಹೀಟರ್ ಹೊತ್ತಿಸುವವರು ಅದಕ್ಕೂ ಮೊದಲು ಮಾಡುವ ಕೆಲಸವೆಂದರೆ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚುವುದು. ಬಿಸಿ ಹೊರಗೆ ಹೋಗಬಾರದೆಂಬ ಅವರ ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದಲ್ಲಿ ಹೀಟರ್ ಉಸಿರಾಡುವ ಗಾಳಿ ಸೇರಿರುವುದಿಲ್ಲ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಉರಿದಾಗ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತವೆ. ಹೊಗೆಕೊಳವೆಯಿಲ್ಲದ ಹೀಟರ್ ಇವೆಲ್ಲವನ್ನೂ ಕೋಣೆಯೊಳಕ್ಕೇ ಬಿಡುತ್ತದೆ. ಕಿಟಕಿಯ ಗಾಜು ಒಳಗಿನಿಂದ ಬೆವರಿ ಹನಿಗಳು ಚೌಕಟ್ಟಿಗೆ ಇಳಿಯುತ್ತಿದ್ದರೆ, ಕೋಣೆಯ ಗಾಳಿ ಸರಿಯಾಗಿ ಬದಲಾಗುತ್ತಿಲ್ಲವೆಂದು ಅನುಮಾನಿಸಬೇಕು.

ಗಾಳಿ ಸಾಲದೆ ಅನಿಲ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಅಡುಗೆ ಅನಿಲದ ವಾಸನೆ ಸೋರಿಕೆ ತಿಳಿಯಲೆಂದು ಬೆರೆಸಿದ್ದು. ಆದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಮನೆಯಲ್ಲಿ ಹಲವರಿಗೆ ಒಟ್ಟಿಗೇ ಕಾಣಿಸಿಕೊಂಡು, ಹೊರಗೆ ಹೋದಾಗ ಕಡಿಮೆಯಾದರೆ, ಅದನ್ನು ನೆಗಡಿಯೆಂದು ತಳ್ಳಿಹಾಕುವಂತಿಲ್ಲ.

ಹೊಗೆಕೊಳವೆಯಿಲ್ಲದ ಹೀಟರ್ ಇರುವ ಕೋಣೆಗೆ ನೇರವಾಗಿ ಬಯಲಿಗೆ ತೆರೆಯುವ ಎರಡು ಗಾಳಿಕಿಂಡಿಗಳು ಬೇಕು: ಒಂದು ನೆಲದ ಹತ್ತಿರ, ಇನ್ನೊಂದು ಚಾವಣಿಯ ಹತ್ತಿರ. ಬಿಸಿಯಾದ ಹೊಗೆಗಾಳಿ ಮೇಲಿನಿಂದ ಹೊರಹೋಗುತ್ತಿದ್ದಂತೆ ತಣ್ಣನೆಯ ಗಾಳಿ ಕೆಳಗಿನಿಂದ ಒಳಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲಕ್ಕೂ ಕೆಳಗಿನ ಕಿಂಡಿಯೇ ದಾರಿ. ಕಿಂಡಿಯ ಅಳತೆಯನ್ನು ಅಂದಾಜಿಗೆ ಬಿಡದೆ ಹೀಟರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ತಣ್ಣನೆಯ ಗಾಳಿ ಕಾಲಿಗೆ ಬಡಿಯುತ್ತದೆಂದು ಕಿಂಡಿಗೆ ಬಟ್ಟೆ ತುರುಕುವವರನ್ನು ದಡ್ಡರೆಂದು ನಾನು ಹೇಳಲಾರೆ. ತಪ್ಪು ಕಿಂಡಿ ಕೊರೆದ ಜಾಗದ್ದು. ಕುಳಿತುಕೊಳ್ಳುವ ಕಡೆಯಿಂದ ದೂರ, ಆದರೆ ಕಪಾಟಿನ ಮರೆಗೆ ಬೀಳದಂತೆ ಅದನ್ನು ಇಟ್ಟಿದ್ದರೆ ಬಟ್ಟೆಯ ಮಾತೇ ಬರುತ್ತಿರಲಿಲ್ಲ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಲರಿಯೂ ಬೇಡ, ಧೂಳು ಕಟ್ಟಿ ಬೇಗ ಮುಚ್ಚಿಹೋಗುತ್ತದೆ.

ಹೊಗೆಕೊಳವೆ ಇರುವ ಹೀಟರಾದರೆ ನಿಶ್ಚಿಂತೆ ಎನ್ನುವವರು ಎಕ್ಸಾಸ್ಟ್ ಫ್ಯಾನನ್ನು ಮರೆತಿರುತ್ತಾರೆ. ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಹೀಟರಿದ್ದು, ಮುಚ್ಚಿದ ಮನೆಯಲ್ಲಿ ಫ್ಯಾನು ಹೊರಗೆ ದೂಡಿದಷ್ಟು ಗಾಳಿ ಬೇರೆಡೆಯಿಂದ ಬರದಿದ್ದರೆ, ಹೊರಗಿನ ಗಾಳಿ ಕೊಳವೆಯ ಮೂಲಕವೇ ಹೊಗೆಯ ಸಮೇತ ಕೆಳಗಿಳಿಯುತ್ತದೆ. ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಹೀಟರ್ ಹತ್ತು ನಿಮಿಷ ಉರಿದ ಮೇಲೆ, ಅನಿಲ ಸೋರುತ್ತಿಲ್ಲವೆಂದು ಖಚಿತವಿದ್ದರೆ ಮಾತ್ರ, ಕೊಳವೆಯ ಬುಡದ ತೆರಪಿನ ಬಳಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಸೆಳೆಯಲ್ಪಡಬೇಕು, ಮುಖದತ್ತ ತಿರುಗಿದರೆ ಹೀಟರ್ ಆರಿಸಿ, ಕಿಟಕಿ ತೆರೆದು, ನುರಿತವರನ್ನು ಕರೆಸಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದ್ದರೆ ಒಳ್ಳೆಯದೇ, ಆದರೆ ಅದು ಕೂಗುವುದು ಕೋಣೆಯ ಗಾಳಿಗೆ ವಿಷ ಸೇರಿದ ಮೇಲೆ. ಕಿಂಡಿಯ ಕೆಲಸವನ್ನು ಅದು ಮಾಡದು. ನಿದ್ದೆ ಮಾಡುವ ಕೋಣೆಯಲ್ಲಂತೂ ಹೊಗೆಕೊಳವೆಯಿಲ್ಲದ ಹೀಟರನ್ನು, ಕಿಂಡಿಗಳು ಎಷ್ಟೇ ಇದ್ದರೂ, ಹೊತ್ತಿಸಿ ಮಲಗಬೇಡಿ.